ಒಂದು ಹಿಡಿ ಹಳೆಯ ಅರಳೆ

ಹಾಸಿಗೆ ಅಂಗಡಿಯ ಅಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೊಸ ಹಾಸಿಗೆಗೆ ಅಳತೆ ಕೊಡಲು ಬಂದವರು ಮಂಚದ ಉದ್ದ ಹೇಳಿ ಅಗಲ ಮರೆತರೋ, ಮುಗಿಯಿತು ಅವರ ಕಥೆ. "ಮಂಚ ಮನೇಲಿ ಬಿಟ್ಟು ಬಂದ್ರಿ, ಸರಿ. ತಲೆನೂ ಅಲ್ಲೇ ಬಿಟ್ಟು ಬಂದ್ರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವಳು. ಆದರೂ ಜನ ಬೇರೆ ಅಂಗಡಿ ಹುಡುಕುತ್ತಿರಲಿಲ್ಲ. ಬೈಸಿಕೊಂಡು ಮಾಡಿಸಿದ ಹಾಸಿಗೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಪಕ್ಕದ ಬೀಗ ರಿಪೇರಿಯವನು ನಗುತ್ತಿದ್ದ. ಅವನೂ ಅಕ್ಕನಿಗೆ ಕೇಳಿಸದಷ್ಟು ದೂರ ನಿಂತೇ ಈ ಮಾತು ಹೇಳುತ್ತಿದ್ದ, ಅದು ಬೇರೆ ವಿಷಯ.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಹಿಂಭಾಗದಲ್ಲಿ ಅರಳೆ ಹಿಂಜುವ ಮಷೀನು, ಧೂಳು ಮುಂದೆ ಬರದ ಹಾಗೆ ಅದಕ್ಕೊಂದು ದಪ್ಪ ಬಟ್ಟೆಯ ಪರದೆ. ಮುಂಭಾಗದಲ್ಲಿ ಹೊಲಿಯಲು ಅಗಲವಾದ ಹಲಗೆ, ಅದರ ಮೇಲೆ ದಬ್ಬಣ, ದಾರದ ಉಂಡೆ, ಹಾಸಿಗೆ ಬಡಿದು ಸಮ ಮಾಡುವ ಬೆತ್ತ. ಹಿಂದಿನ ಬಾಗಿಲು ತೆಗೆದರೆ ಬಿಸಿಲು ಬೀಳುವ ಸಣ್ಣ ಅಂಗಳ. ಆ ಅಂಗಳದಲ್ಲಿ ಬಿಸಿಲು ಕಾಯದ ಯಾವ ಅರಳೆಯೂ ಗವಸಿನೊಳಗೆ ಹೋಗುವಂತಿರಲಿಲ್ಲ. ಅಕ್ಕನ ಜೀವಮಾನದ ಶತ್ರು ಬೂಷ್ಟು. ಹೊಸ ಮೂಟೆ ಬಂದರೆ ಒಂದು ಹಿಡಿ ಎಳೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆಯುವಳು. "ಬೇಡ, ಒದ್ದೆ ಕಂಡಿದೆ" ಎಂದಳೆಂದರೆ ಆ ಮೂಟೆ ಬಂದ ಗಾಡಿಯಲ್ಲೇ ವಾಪಸ್ಸು.

ಅಂಗಡಿ ಅಮ್ಮನದು. ಅಮ್ಮನಿಂದ ಬಂದ ಒಂದು ಪದ್ಧತಿಯೂ ಅಲ್ಲಿತ್ತು, ಬೇರೆ ಯಾವ ಹಾಸಿಗೆ ಅಂಗಡಿಯಲ್ಲೂ ನೀವದನ್ನು ಕಾಣಲಾರಿರಿ. ಹಳೆಯ ಹಾಸಿಗೆ ಬಿಚ್ಚಿ ಹೊಸದು ಮಾಡುವಾಗ ಹಳೆಯ ಅರಳೆಯಲ್ಲಿ ಒಂದು ಹಿಡಿಯನ್ನು ಹಿಂಜದೆ ಹಾಗೇ ಉಳಿಸಿ, ಹೊಸದರ ನಟ್ಟನಡುವೆ ಇಡುವುದು. ಅಮ್ಮ ಅದನ್ನು 'ಹಳೇ ನಿದ್ದೆ' ಎಂದು ಕರೆಯುತ್ತಿದ್ದಳು. ಹೊಸ ಹಾಸಿಗೆಗೆ ನಿದ್ದೆ ಅಂದರೇನು ಅಂತ ಗೊತ್ತಿರಲ್ಲ, ಯಾರಾದರೂ ಹೇಳಿಕೊಡಬೇಕಲ್ಲ ಎನ್ನುವಳು. ಗಿರಾಕಿಗಳಿಗೆ ಈ ಮಾತು ಬಹಳ ಇಷ್ಟವಾಗುತ್ತಿತ್ತು. ಮರೆತೀರಿ ಎಂದು ಅವರೇ ನೆನಪಿಸುತ್ತಿದ್ದರು.

ಅಮ್ಮ ಹೋದಾಗ ತಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗ. ಅಂಗಡಿ, ಮಷೀನು, ತಮ್ಮ ಮೂರೂ ಒಟ್ಟಿಗೇ ಅಕ್ಕನ ತಲೆ ಮೇಲೆ ಬಿದ್ದವು. ಮದುವೆ ಯಾಕೆ ಆಗಲಿಲ್ಲ ಎಂದು ಒಬ್ಬಳು ಗಿರಾಕಿ ಒಮ್ಮೆ ಕೇಳಿ, "ಹಾಸಿಗೆ ಮಾಡೋಳಿಗೆ ಮಲಗೋಕೆ ಪುರುಸೊತ್ತೆಲ್ಲಿ?" ಎಂಬ ಉತ್ತರ ಕೇಳಿ ಕೆಂಪಗಾಗಿ ಹೋದಳು.

ತಮ್ಮನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಅಷ್ಟು ಸಣಕಲು. ಚಿಕ್ಕಂದಿನಲ್ಲಿ ಅವನಿಗೆ ಮೇಲಿಂದ ಮೇಲೆ ಗಂಟಲು ನೋವು, ಜ್ವರ. ಒಂದು ಸಲ ಜ್ವರ ಬಿಟ್ಟ ಮೇಲೆ ಮೊಣಕಾಲು ಊದಿತು, ಅದು ಇಳಿಯಿತು ಎನ್ನುವಾಗ ಮೊಣಕೈ. ಆಡಿದ್ದು ಜಾಸ್ತಿಯಾಯಿತು ಎಂದು ಎಣ್ಣೆ ತಿಕ್ಕಿ ಮಲಗಿಸಿದರು. ಆ ಜ್ವರ ಕೀಲುಗಳನ್ನು ಬಿಟ್ಟು ಹೋಗುವಾಗ ಎದೆಯೊಳಗಿನ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು ಎಂದು ಗೊತ್ತಾದದ್ದು ಅವನಿಗೆ ಮೀಸೆ ಬಂದ ಮೇಲೆ. ಹಿಂಜುವ ಕೆಲಸ ಅವನ ಕೈಲಾಗುತ್ತಿರಲಿಲ್ಲ. ಬೆತ್ತ ಹಿಡಿದು ನಾಲ್ಕು ಏಟು ಹೊಡೆದರೆ ಐದನೆಯದಕ್ಕೆ ಏದುಸಿರು.

ಆದರೆ ಅವನು ಮಾಡುವ ಕೆಲಸ ಬೇರೆ ಯಾರ ಕೈಲೂ ಆಗುತ್ತಿರಲಿಲ್ಲ. ಹಾಸಿಗೆ ಹೊಲಿದು ಮುಗಿದ ಮೇಲೆ ಕಡ್ಡಿ ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ, "ಎಡ ಭುಜದ ಕೆಳಗೆ ಗಂಟಿದೆ, ಕಾಲಿನ ಕಡೆ ತೆಳು" ಎಂದು ಹೇಳುವನು. ಅಕ್ಕ ಗೊಣಗುತ್ತಾ ಹೊಲಿಗೆ ಬಿಚ್ಚುವಳು. ಅವನು ಹೇಳಿದ ಜಾಗದಲ್ಲೇ ಗಂಟು ಸಿಗುವುದು.

"ಮಲಗಿದ್ದಕ್ಕೆ ಸಂಬಳ ತಗೊಳ್ಳೋನು ಲೋಕದಲ್ಲಿ ನನ್ನ ತಮ್ಮ ಒಬ್ನೇ" ಎಂದು ಅವಳು ಗಿರಾಕಿಗಳ ಮುಂದೆ ಹೇಳಿದರೆ, ಅವನು ಕಣ್ಣು ಬಿಡದೆ, "ಸ್ವಲ್ಪ ಮೆತ್ತಗೆ ಮಾತಾಡು ಅಕ್ಕ, ಡ್ಯೂಟಿ ಮೇಲಿದೀನಿ" ಎನ್ನುವನು. ಹೀಗೇ ಅವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಕೂದಲಿಗೆ ಅಲ್ಲಲ್ಲಿ ಬಿಳಿ ಬಂತು. ಆಮೇಲೆ ಮಹಡಿ ಹತ್ತಲಾಗದಂತಾಯಿತು, ಆಮೇಲೆ ಚಪ್ಪಟೆ ಮಲಗಿದರೇ ಉಸಿರು ಕಟ್ಟುವಂತಾಯಿತು. ಮಲಗುವುದೇ ಕೆಲಸವಾಗಿದ್ದವನು ಕೂತು ನಿದ್ದೆ ಮಾಡತೊಡಗಿದ. ಕವಾಟ ಬದಲಾಯಿಸದೆ ದಾರಿಯಿಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ಆಪರೇಷನ್ ಏನೋ ಆಯಿತು. ಹೊಸ ಕವಾಟ ಚೆನ್ನಾಗಿ ಕೂತಿದೆ ಎಂದು ಡಾಕ್ಟರಮ್ಮ ಹೊರಗೆ ಬಂದು ಹೇಳಿದಾಗ ಅಕ್ಕ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆದರೆ ಒಳಗೆ ರಕ್ತ ನಿಲ್ಲದೆ ಎದೆಯನ್ನು ಮತ್ತೊಮ್ಮೆ ತೆರೆಯಬೇಕಾಯಿತು. ಅದರ ಹಿಂದೆಯೇ ಶ್ವಾಸಕೋಶಕ್ಕೆ ಕಫ ಕಟ್ಟಿತು. ಕತ್ತಿನಲ್ಲಿ ಚುಚ್ಚಿದ ನಳಿಕೆ, ಬಾಟಲಿ ಮೇಲೆ ಬಾಟಲಿ ಔಷಧಿ. ಐಸಿಯುನ ಗಾಜಿನ ಆಚೆಯಿಂದ ಅಕ್ಕ ಮತ್ತು ತಮ್ಮನ ಹೆಂಡತಿ ದಿನಾ ಅವನನ್ನು ನೋಡಿ ಬರುತ್ತಿದ್ದರು. ಅಂತೂ ಒಂದು ದಿನ ಕಣ್ಣು ಬಿಟ್ಟು, ಅಕ್ಕನನ್ನು ನೋಡಿ, ಹಾಸಿಗೆಯತ್ತ ಬೆರಳು ತೋರಿಸಿ ಕೈ ಅಲ್ಲಾಡಿಸಿದ. ಹಾಸಿಗೆ ಚೆನ್ನಾಗಿಲ್ಲವಂತೆ! ಅಕ್ಕ ಗಾಜಿಗೆ ಹಣೆ ಒತ್ತಿಕೊಂಡು ನಕ್ಕಳು, ಜೊತೆಗೇ ಅತ್ತಳು.

ವಾರ್ಡಿಗೆ ತರುವ ಮುಂಚೆ ನರ್ಸ್ ಒಂದು ಮಾತು ಹೇಳಿದಳು. ಎದೆಮೂಳೆ ಇನ್ನೂ ಕೂಡಿಲ್ಲ, ಕೆಮ್ಮುವಾಗ ಏನನ್ನಾದರೂ ಎದೆಗೆ ಬಿಗಿಯಾಗಿ ಅವುಚಿಕೊಳ್ಳಬೇಕು. ಸದ್ಯಕ್ಕೆ ಈ ಟವೆಲ್ ಸುತ್ತಿ ಕೊಡುತ್ತೇವೆ.

"ಟವೆಲ್ಲಾ?" ಎಂದಳು ಅಕ್ಕ. "ಹಾಸಿಗೆ ಅಂಗಡಿಯವನಿಗೆ ಟವೆಲ್ಲು? ಯಾರಾದ್ರೂ ನೋಡಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ನಾಳೆ ಬೆಳಿಗ್ಗೆ ದಿಂಬು ತರ್ತೀನಿ, ಅಲ್ಲಿವರೆಗೂ ಕೆಮ್ಮಬೇಡ ಅಂತ ಹೇಳಿ ಅವನಿಗೆ."

ಅಂಗಡಿಗೆ ಬಂದು ಪಟ್ಟೆ ಬಟ್ಟೆಯಲ್ಲಿ ಎದೆಯಗಲದ ಗವಸು ಹೊಲಿದಳು. ಬಿಸಿಲು ಕಂಡು, ಹಿಂಜಿ, ಹೂವಿನಂತಾಗಿದ್ದ ಹೊಸ ಅರಳೆ ತುಂಬಿದಳು. ಅರ್ಧ ತುಂಬಿದ ಮೇಲೆ ಅಟ್ಟದ ಮೇಲಿನ ತಗಡಿನ ಡಬ್ಬಿಯ ನೆನಪಾಯಿತು. ಅಮ್ಮ ಸತ್ತ ಮೇಲೆ ಅಮ್ಮನ ಹಾಸಿಗೆ ಬಿಚ್ಚಿ, ಅದರ ಅರಳೆಯನ್ನು ಒಂದೊಂದೇ ಹಿಡಿಯಾಗಿ ಮನೆಯವರ ಹಾಸಿಗೆಗಳಲ್ಲಿ ಇಟ್ಟಿದ್ದರು. ವರ್ಷಗಳು ಕಳೆದು, ಹಾಸಿಗೆಗಳು ಬದಲಾಗಿ, ಅಮ್ಮನದು ಅಂತ ಈಗ ಉಳಿದಿದ್ದದ್ದು ಆ ಡಬ್ಬಿಯಲ್ಲಿದ್ದ ಒಂದೇ ಒಂದು ಹಿಡಿ. ಅಕ್ಕ ಅದನ್ನು ಇಳಿಸಿದಳು. ಅಟ್ಟದ ಗೋಡೆ ಆ ವರ್ಷ ತೇವ ಹಿಡಿದಿತ್ತು. ಅಂಗಳದಲ್ಲಿ ಬಿಸಿಲಿರಲಿಲ್ಲ, ಎರಡು ದಿನದಿಂದ ಮೋಡ. ಹಿಡಿ ಅರಳೆಯನ್ನು ಮೂಗಿಗೆ ಹಿಡಿದಳು. ಅಮ್ಮನ ವಾಸನೆ ಬಂದಂತಾಯಿತು. ಅಷ್ಟೇ ಸಾಕಾಯಿತು ಅವಳಿಗೆ, ನಡುವೆ ಇಟ್ಟು ಹೊಲಿದುಬಿಟ್ಟಳು.

ಕಡ್ಡಿ ದಿಂಬನ್ನು ಎದೆಗೆ ಅವುಚಿಕೊಂಡು ಮೊದಲ ಸಲ ಕೆಮ್ಮಿ, ಕಣ್ಣು ಮುಚ್ಚಿಕೊಂಡ.

"ಹೇಗಿದ್ಯೋ? ಗಂಟೇನಾದ್ರೂ ಇದ್ಯಾ?"

"ಪಾಸು" ಎಂದ. ಬೇರೇನೂ ಹೇಳಲಿಲ್ಲ.

ಮನೆಗೆ ಬಂದ. ಕೆಮ್ಮು ಹೋದ ಮೇಲೂ ದಿಂಬು ಬಿಡಲಿಲ್ಲ. ಅದನ್ನು ಅಪ್ಪಿಕೊಂಡೇ ಕೂರುವುದು, ಅದನ್ನು ಅಪ್ಪಿಕೊಂಡೇ ಮಲಗುವುದು. "ನನ್ನ ಮರೆತೇಬಿಟ್ರು ಇವರು" ಎಂದು ಹೆಂಡತಿ ರೇಗಿಸುತ್ತಿದ್ದಳು. ಬರುವ ತಿಂಗಳಿಂದ ಅಂಗಡಿಗೆ ಬರುತ್ತೇನೆ, ಡ್ಯೂಟಿ ಮೇಲೆ ಮಲಗದೆ ಮೈ ಜಡ್ಡುಗಟ್ಟಿದೆ ಎಂದು ಅವನು ಹೇಳುತ್ತಿದ್ದ. ಕೆಲವು ವಾರ ಎಲ್ಲರ ಮುಖದಲ್ಲೂ ಕಳೆಯಿತ್ತು.

ಆಮೇಲೆ ಸಂಜೆ ಹೊತ್ತು ಸಣ್ಣಗೆ ಮೈ ಬಿಸಿಯಾಗತೊಡಗಿತು. ಮಾತ್ರೆ ನುಂಗಿದರೆ ಇಳಿಯುವುದು, ಮಾರನೆಯ ದಿನ ಮತ್ತೆ ಹಾಜರು. ಊಟ ಸೇರದು. ಕಡ್ಡಿ ಇನ್ನೂ ಕಡ್ಡಿಯಾದ. ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಇಟ್ಟರು, ಅದರಲ್ಲಿ ರೋಗದ ಕ್ರಿಮಿ ಯಾವುದೂ ಬೆಳೆಯಲಿಲ್ಲ. ಔಷಧಿ ಬದಲಾಯಿಸಿದರು, ಜ್ವರ ಜಗ್ಗಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜಲು ಎದ್ದವನು ಕಾಲು ಹಿಡಿದುಕೊಂಡು ಕುಸಿದ. ಮೊಣಕಾಲಿನಿಂದ ಕೆಳಗೆ ಕಾಲು ತಣ್ಣಗಾಗಿ, ಬಿಳಿಚಿಹೋಗಿತ್ತು. ರಕ್ತನಾಳದಲ್ಲಿ ಏನೋ ಬಂದು ಸಿಕ್ಕಿಕೊಂಡಿದೆ ಎಂದು ಕಾಲಿನಲ್ಲಿ ಸಣ್ಣದಾಗಿ ಕೊಯ್ದು ಅದನ್ನು ತೆಗೆದರು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು.

ಡಾಕ್ಟರಮ್ಮ ಅಕ್ಕನನ್ನೂ ತಮ್ಮನ ಹೆಂಡತಿಯನ್ನೂ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. "ಕಾಲಲ್ಲಿ ಸಿಕ್ಕಿದ್ದು ಬರೀ ರಕ್ತದ ಗಂಟಲ್ಲ. ಫಂಗಸ್. ಬೂಷ್ಟು ಅಂತೀವಲ್ಲ, ಅದರ ಜಾತಿ. ಹೊಸ ಕವಾಟದ ಮೇಲೆ ಅದು ಬೆಳೆದಿದೆ, ಅಲ್ಲಿಂದ ಒಂದು ಚೂರು ಕಿತ್ಕೊಂಡು ಕಾಲಿಗೆ ಬಂದಿದೆ. ಇನ್ನೊಂದು ಚೂರು ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಬರೀ ಔಷಧಿಗೆ ಇದು ಹೋಗಲ್ಲ, ಮತ್ತೆ ಎದೆ ತೆರೆದು ಕವಾಟ ತೆಗೀಬೇಕು. ಅವರು ಬಹಳ ಸೋತಿದ್ದಾರೆ. ನಿಮಗೆ ಸುಳ್ಳು ಧೈರ್ಯ ಹೇಳಲಾರೆ."

ತಮ್ಮನ ಹೆಂಡತಿ ಏನೇನೋ ಕೇಳುತ್ತಿದ್ದಳು. ಅಕ್ಕನ ಕಿವಿಗೆ ಒಂದೂ ಬೀಳಲಿಲ್ಲ. ಬೂಷ್ಟು ಎಂಬ ಒಂದೇ ಮಾತು ಅವಳನ್ನು ಅಟ್ಟಕ್ಕೆ ಎಳೆದೊಯ್ದಿತ್ತು. ತಗಡಿನ ಡಬ್ಬಿ, ತೇವದ ಗೋಡೆ, ಬಿಸಿಲಿಲ್ಲದ ಅಂಗಳ. ಸರಿಯಾಗಿ ಎದೆಯ ಮೇಲೆ, ಆ ಹಸಿ ಗಾಯದ ಮೇಲೆ ಒತ್ತಿ ಹಿಡಿದುಕೊಂಡಿದ್ದನಲ್ಲ ಮಗು, ವಾರಗಟ್ಟಲೆ! ಇಡೀ ಊರಿನ ಅರಳೆಗೆ ಬಿಸಿಲು ಕಾಣಿಸಿದವಳು ಸ್ವಂತ ತಮ್ಮನ ಹಿಡಿ ಅರಳೆಗೆ ಕಾಣಿಸಲಿಲ್ಲ. ಕೊಂದೆ, ನಾನೇ ಕೈಯಾರೆ ಕೊಂದೆ ಎಂದು ಅವಳಿಗೆ ಖಾತ್ರಿಯಾಗಿಹೋಯಿತು. ಯಾರಿಗೂ ಹೇಳಲಿಲ್ಲ, ಎದ್ದು ಹೊರಟಳು.

ತಮ್ಮನ ಮನೆಗೆ ಹೋಗಿ ಮಂಚದ ಮೇಲಿದ್ದ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಯ ಹಿಂದಿನ ಅಂಗಳಕ್ಕೆ ಬಂದಳು. ಹೊಲಿಗೆ ಬಿಚ್ಚಿ, ಮೂಸಿ ನೋಡಿದ್ದರೆ ಅವಳ ಮೂಗು ಹೇಳುತ್ತಿತ್ತು. ಜೀವಮಾನವೆಲ್ಲ ಮೂಸಿದವಳಿಗೆ ಅವತ್ತು ಧೈರ್ಯ ಬರಲಿಲ್ಲ. ಹಳೆಯ ಡ್ರಮ್ಮಿಗೆ ಹಾಕಿ ಬೆಂಕಿಕಡ್ಡಿ ಗೀರಿದಳು. ಒತ್ತಾಗಿ ತುಂಬಿದ ಅರಳೆ ಭಗ್ಗೆಂದು ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಮಧ್ಯಾಹ್ನವೆಲ್ಲ ಹೊಗೆಯಾಡಿತು. ಬೀಗ ರಿಪೇರಿಯವನು ಏನಾಯಿತು ಎಂದು ಇಣುಕಿದ. ಅವಳು ಬೈಯಲೂ ಇಲ್ಲ. ಆಗ ಅವನಿಗೆ ನಿಜಕ್ಕೂ ಭಯವಾಯಿತು.

ಮಾರನೆಯ ದಿನ ಡಾಕ್ಟರಮ್ಮನನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಪೂರ್ತಿ ಕೇಳಿದರು.

"ಇಲ್ಲಮ್ಮ" ಎಂದರು. "ಇದು ಗೋಡೆ ಮೇಲೆ, ಅರಳೆ ಮೇಲೆ ಬೆಳೆಯೋ ಜಾತಿನೇ ಅಲ್ಲ. ಇದು ಮನುಷ್ಯರ ಮೈಯಲ್ಲೇ ಇರೋದು. ಚರ್ಮದ ಮೇಲೆ, ಕರುಳಲ್ಲಿ, ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಅವರು ಐಸಿಯುನಲ್ಲಿ ಬಹಳ ದಿನ ಇದ್ರಲ್ಲ, ಕತ್ತಲ್ಲಿ ನಳಿಕೆ, ಅಷ್ಟೊಂದು ಔಷಧಿ. ಆಗಲೇ ರಕ್ತಕ್ಕೆ ಸೇರಿರುತ್ತೆ. ನಾವು ಅವರನ್ನ ಉಳಿಸೋಕೆ ಮಾಡಿದ್ದೇ ಇದಕ್ಕೆ ದಾರಿ ಮಾಡ್ಕೊಡ್ತು. ನಿಮ್ಮ ದಿಂಬಿನದು ಏನೂ ತಪ್ಪಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಪರೀಕ್ಷೇಲಿ ಅದರ ಹೆಸರೇ ಬಂದಿದೆ. ದಿಂಬಲ್ಲ."

ಅಕ್ಕ ಗೋಡೆಗೆ ಒರಗಿಕೊಂಡಳು. ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ತಾನು ಕೊಲ್ಲಲಿಲ್ಲ. ಈಗ ತಮ್ಮ ಬದುಕಿದರೆ ಸಾಕು, ಇನ್ನೇನೂ ಬೇಡ ಎಂದುಕೊಂಡು, ಮುಖ ತೊಳೆದುಕೊಂಡು, ಅವನ ಹತ್ತಿರ ಹೋಗಿ ಕೂತಳು.

ಕಡ್ಡಿಯ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಕೆಮ್ಮು ಮತ್ತೆ ಶುರುವಾಗಿತ್ತು. "ಅಕ್ಕ" ಎಂದ. "ನಾಳೆ ಆಪರೇಷನ್ನಂತೆ. ನನ್ನ ದಿಂಬು ತಂದುಕೊಡು. ಇವರು ಮತ್ತೆ ಆ ಟವೆಲ್ ಕೊಟ್ಟಿದಾರೆ ನೋಡು."

ಅವಳು ಹೊದಿಕೆಯ ಅಂಚು ಸರಿ ಮಾಡಿದಳು. "ಅದನ್ನ... ಒಗೆಯೋಕೆ ಹಾಕಿದೀನಿ ಕಣೋ" ಎಂದಳು.

ಕಡ್ಡಿ ಅವಳನ್ನೇ ನೋಡಿದ. ಅಷ್ಟು ಸೋತ ಮುಖದಲ್ಲೂ ತುಟಿಯ ಕೊನೆ ಕೊಂಚ ನಕ್ಕಿತು. "ಅರಳೆ ದಿಂಬನ್ನ ಯಾರಾದ್ರೂ ಒಗೀತಾರಾ ಅಕ್ಕ? ಗಿರಾಕಿ ಯಾರಾದ್ರೂ ಹಾಗೆ ಮಾಡಿದ್ರೆ ನೀನು ಅವರ ಜನ್ಮ ಜಾಲಾಡ್ತಿದ್ದೆ."

ಸಿಕ್ಕಿಬಿದ್ದಳು. ಇಷ್ಟು ವರ್ಷದಲ್ಲಿ ತಮ್ಮನಿಗೆ ಹೇಳಿದ ಮೊದಲ ಸುಳ್ಳು, ಅದೂ ಹಾಸಿಗೆ ಅಂಗಡಿಯವಳ ಬಾಯಲ್ಲಿ ಬರಬಾರದ ಸುಳ್ಳು. ಅವಳು ತಲೆ ತಗ್ಗಿಸಿದಳು.

"ಸುಟ್ಟುಬಿಟ್ಟೆ ಕಣೋ" ಎಂದಳು. "ಬೂಷ್ಟು ಅಂದ್ರು. ಆ ದಿಂಬಿಂದಲೇ ಬಂತು ಅಂದ್ಕೊಂಡೆ. ಅದರೊಳಗೆ..."

"ಅಮ್ಮನ ಅರಳೆ ಇತ್ತು" ಎಂದ ಕಡ್ಡಿ.

"ನಿನಗೆ ಹೇಗೆ ಗೊತ್ತು?"

"ಮಲಗಿ ನೋಡೋನು ನಾನೇ ಅಲ್ವಾ?" ಉಸಿರಿಗಾಗಿ ನಿಲ್ಲಿಸಿದ. "ಮೊದಲನೇ ದಿನಾನೇ ಗೊತ್ತಾಯ್ತು. ಎದೆಗೆ ಒತ್ತಿದ ತಕ್ಷಣ ಕೈಗೆ ಸಿಕ್ತು. ಅಮ್ಮ ಬಂದು ಕೂತ್ಕೊಂಡ ಹಾಗಿತ್ತು. ಅದಕ್ಕೇ ಬಿಡ್ತಿರ್ಲಿಲ್ಲ." ಮತ್ತೆ ಸ್ವಲ್ಪ ತಡೆದು, "ಪೂರ್ತಿ ಸುಟ್ಟೋಯ್ತಾ? ಒಂಚೂರೂ ಇಲ್ವಾ?" ಎಂದು ಮಗುವಿನ ಹಾಗೆ ಕೇಳಿದ.

"ಇಲ್ಲ ಕಣೋ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಕ್ಕನಿಗೆ ಬಾಯಿಬಿಟ್ಟು ಅಳಲೂ ಆಗಲಿಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಅವನಿಗೆ ಕೆಮ್ಮು ಒತ್ತರಿಸಿ ಬಂತು. ಟವೆಲನ್ನು ತಳ್ಳಿ, "ಕೈ ಕೊಡು" ಎಂದ. ಅಕ್ಕ ತನ್ನ ತೋಳನ್ನು ಅವನ ಎದೆಯ ಮೇಲೆ ಅಡ್ಡ ಇಟ್ಟಳು. ಅರಳೆ ಬಡಿದು ಬಡಿದು ಗಟ್ಟಿಯಾದ ಆ ತೋಳನ್ನು ಅವನು ಎರಡೂ ಕೈಯಿಂದ ಅವುಚಿಕೊಂಡು ಕೆಮ್ಮಿದ. ಒಂದೊಂದು ಕೆಮ್ಮಿಗೂ ಅವನ ಎದೆಮೂಳೆ ತೋಳಿಗೆ ತಾಗುತ್ತಿತ್ತು.

"ಸ್ವಲ್ಪ ಗಡುಸು" ಎಂದ ಕೊನೆಗೆ. "ಪರವಾಗಿಲ್ಲ, ಪಾಸು."

ಅವಳ ತೋಳು ಜೋಮು ಹಿಡಿಯಿತು. ತೆಗೆಯಲಿಲ್ಲ. ನರ್ಸ್ ಬಂದು ಏಳಿ ಎಂದು ಹೇಳುವವರೆಗೂ ಹಾಗೇ ಕೂತಿದ್ದಳು.

ಮಾರನೆಯ ದಿನ ಎದೆ ತೆರೆದು, ಬೂಷ್ಟು ಹಿಡಿದ ಕವಾಟ ತೆಗೆದು ಇನ್ನೊಂದನ್ನು ಕೂರಿಸಿದರು. ಆದರೆ ಅವನ ಹೃದಯಕ್ಕೆ ಮತ್ತೆ ತಾನೇ ಬಡಿದುಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ. ಹೃದಯದ ಕೆಲಸವನ್ನು ತಾನೇ ಮಾಡುತ್ತಿದ್ದ ಮಷೀನಿನಿಂದ ಅವನನ್ನು ಬಿಡಿಸಲು ನೋಡಿದರು, ಮತ್ತೆ ಮತ್ತೆ ನೋಡಿದರು. ಡಾಕ್ಟರಮ್ಮ ಹೊರಗೆ ಬಂದಾಗ ಅಕ್ಕ ಅವರ ಮುಖ ನೋಡಿದವಳೇ ಕೂತಲ್ಲೇ ಎರಡೂ ಕೈ ಚೆಲ್ಲಿದಳು. ತಮ್ಮನ ಹೆಂಡತಿ ಚೀರಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಅಂಗಡಿ ಮತ್ತೆ ತೆರೆಯಿತು, ಹೊಟ್ಟೆ ಕೇಳಬೇಕಲ್ಲ. ಆದರೆ ಅಕ್ಕನ ಬಾಯಿ ಬಿದ್ದುಹೋಗಿತ್ತು. ಅಗಲ ಮರೆತು ಬಂದವರನ್ನು ಸುಮ್ಮನೆ ವಾಪಸ್ಸು ಕಳಿಸುವಳು. ಬೈಸಿಕೊಳ್ಳದೆ ಹೋಗುವುದು ಜನರಿಗೂ ಹಿಂಸೆಯಾಗುತ್ತಿತ್ತು. ಹಳೇ ನಿದ್ದೆ ಇಡಿ ಎಂದು ಯಾರಾದರೂ ನೆನಪಿಸಿದರೆ, "ಅದನ್ನೆಲ್ಲ ನಿಲ್ಲಿಸಿದೀವಿ" ಎಂದಷ್ಟೇ ಹೇಳುವಳು.

ಒಂದು ದಿನ ತಮ್ಮನ ಹೆಂಡತಿ ಮಗಳನ್ನು ಕರೆದುಕೊಂಡು, ಆಟೋದ ಮೇಲೆ ಒಂದು ಹಾಸಿಗೆ ಕಟ್ಟಿಸಿಕೊಂಡು ಬಂದಳು.

"ಅವರದು" ಎಂದಳು. "ನನಗೆ ಇದರ ಮೇಲೆ ಮಲಗೋಕಾಗ್ತಿಲ್ಲ ಅಕ್ಕ. ಬಿಸಾಡೋಕೂ ಆಗ್ತಿಲ್ಲ. ಬಿಚ್ಚಿ ಮಗಳಿಗೊಂದು ಮಾಡ್ಕೊಡಿ. ಹಳೇ ನಿದ್ದೆ ಇಡಿ."

"ಅದೊಂದು ಕೇಳಬೇಡ ಕಣೆ."

ತಮ್ಮನ ಹೆಂಡತಿ ವಾದ ಮಾಡಲಿಲ್ಲ. ಗವಸು ಬಿಚ್ಚಿ, ಒಂದು ಹಿಡಿ ಅರಳೆ ಎಳೆದು ಅಕ್ಕನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಳು. "ಬಿಸಿಲಿಗೆ ಹಾಕೋಣ" ಎಂದಳು. "ನಿಮಗೆ ಸಾಕು ಅನ್ನಿಸೋವರೆಗೂ ಹಾಕೋಣ."

ಅಕ್ಕನಿಗೆ ಎಷ್ಟು ದಿನ ಹಾಕಿದರೂ ಸಾಕು ಅನ್ನಿಸಲಿಲ್ಲ. ಕೊನೆಗೆ ಹುಡುಗಿಯೇ, "ಅತ್ತೆ, ಇನ್ನೂ ಎಷ್ಟು ದಿನ ನಾನು ಚಾಪೆ ಮೇಲೆ ಮಲಗ್ಲಿ?" ಎಂದು ಕೇಳಿದ ಮೇಲೆ ಹಾಸಿಗೆ ಮಾಡಿದಳು. ಹಿಂಜಿದ ಅರಳೆ ಹರಡಿ, ನಟ್ಟನಡುವೆ ತಮ್ಮನ ಹಿಡಿ ಇಟ್ಟು, ಮೇಲೆ ಮತ್ತೆ ಹರಡಿ, ಮೂಲೆ ಮೂಲೆಯನ್ನೂ ಬಿಗಿದು ಹೊಲಿದಳು. ಬೆತ್ತದಿಂದ ತಟ್ಟಿ ಸಮ ಮಾಡಿದಳು. ದಬ್ಬಣವನ್ನು ಪಕ್ಕಕ್ಕಿಟ್ಟು ತಲೆಯೆತ್ತಿದಾಗ ಹುಡುಗಿ ಕೇಳಿದಳು.

"ಈಗ ಮಲಗಿ ನೋಡೋರು ಯಾರು ಅತ್ತೆ?"

ಅಷ್ಟು ವರ್ಷ ಹಾಸಿಗೆ ಮಾಡಿದವಳು ಒಂದು ಸಲವೂ ಅಂಗಡಿಯ ಹಾಸಿಗೆ ಮೇಲೆ ಮೈ ಚಾಚಿದವಳಲ್ಲ. ಅವತ್ತು ಚಪ್ಪಲಿ ಬಿಟ್ಟು, ತಮ್ಮ ಮಲಗುತ್ತಿದ್ದ ಹಾಗೇ ಅಂಗಾತ ಮಲಗಿ ಕಣ್ಣು ಮುಚ್ಚಿದಳು.

ಬೆನ್ನಿಗೆ ತಕ್ಷಣ ಸಿಕ್ಕಿತು. ಹುಡುಕಬೇಕಾಗಲೇ ಇಲ್ಲ. ಅಷ್ಟೊಂದು ಮೆತ್ತನೆಯ ಅರಳೆಯ ನಡುವೆ ಒಂದು ಹಿಡಿ, ಅದೊಂದೇ ಬೇರೆ, ಮುಷ್ಟಿ ಕಟ್ಟಿಕೊಂಡು ಅಲ್ಲೇ ಕೂತ ಹಾಗೆ. ಇಷ್ಟು ಸ್ಪಷ್ಟವಾಗಿ ಅವನ ಎದೆಗೆ ಸಿಕ್ಕಿತ್ತು ಅಮ್ಮನ ಅರಳೆ. ಸಾಯುವ ಹಿಂದಿನ ದಿನ ಅವನು ಕೇಳಿದ್ದು ಅದೊಂದೇ.

"ಸುಟ್ಟೆನಲ್ಲೋ" ಎಂದಳು ಅಕ್ಕ. "ಏನೂ ತಪ್ಪು ಮಾಡಿರ್ಲಿಲ್ಲ ಕಣೋ ಅದು. ಸುಟ್ಟುಬಿಟ್ಟೆನಲ್ಲೋ."

ಅವಳು ಎದ್ದು ಕೂರಲಿಲ್ಲ, ಮಲಗಿದಲ್ಲೇ ಬಾಯಿ ತೆರೆದು ಅತ್ತಳು. ತಮ್ಮ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಹುಡುಗಿ ಹೆದರಿ ಅಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹಾಸಿಗೆ ಹತ್ತಿ, ಅತ್ತೆಯ ತೋಳನ್ನು ಎಳೆದು ಎದೆಗೆ ಅವುಚಿಕೊಂಡು ಪಕ್ಕದಲ್ಲಿ ಮಲಗಿದಳು.